ಆರ್ಚ್ ಲಿನಕ್ಸ್: ಮಳೆಗಾಲದ ಕರೆಂಟು ನಂಬಿ ಅಪ್‌ಡೇಟ್ ಮಾಡುವುದು ಹೇಗೆ?

ಅಪ್ಪೆಮಿಡಿ:

ಲಿನಕ್ಸಿನ ಇನ್ನೊಂದು ಬಗೆಯಾದ ಡೆಬಿಯನ್ ಬಳಸಿ ಅಭ್ಯಾಸ ಇದೆ, ಟರ್ಮಿನಲ್ ಅಂದರೆ ಹೆದರಿಕೆ ಇಲ್ಲ. ಹಾಗಾಗಿ ಹೊಸಬರಿಗೆ ಹೇಳುವ ‘ಮೊದಲು ಮಿಂಟ್ ಹಾಕಿ ನೋಡಿ’ ಎನ್ನುವ ಉತ್ತರ ದಯವಿಟ್ಟು ಬೇಡ. ಬೇಕಾದಷ್ಟನ್ನೇ ಹಾಕಿಕೊಂಡು, ಬೇಕಾದ ಹಾಗೆ ಕಟ್ಟಿಕೊಳ್ಳುವ ಸಿಸ್ಟಂ ಬೇಕು, ಅದಕ್ಕೇ ಆರ್ಚ್. ಹಳೇ ಥಿಂಕ್‌ಪ್ಯಾಡ್: 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, ಇಂಟೆಲ್ ಗ್ರಾಫಿಕ್ಸ್, ಇಂಟೆಲ್ ವೈಫೈ. ಬ್ಯಾಟರಿ ಮುಕ್ಕಾಲು ಗಂಟೆ ಬಂದರೆ ಹೆಚ್ಚು.

ಮನೆ ಶಿರಸಿಯಿಂದ ಹುಲೇಕಲ್ ಕಡೆ. ಜೂನ್ ಹಿಡಿದು ಸೆಪ್ಟೆಂಬರ್ ತನಕ ಒಂದು ಗಾಳಿ ಬೀಸಿದರೆ ಲೈನ್ ಮೇಲೆ ಮರ, ಕರೆಂಟಿನ ಹಿಂದೆಯೇ ಫೈಬರ್ ಕೂಡ ಮಲಗುತ್ತದೆ. ಆಮೇಲೆ ಮೊಬೈಲ್ ಡೇಟಾವೇ ಗತಿ. ಅಪ್‌ಡೇಟ್ ನಡುವೆ ಕರೆಂಟು ಹೋದರೆ ನಿಜವಾಗಿ ಹಾಳಾಗುವುದೇನು? ಎರಡು ಮೂರು ತಿಂಗಳು ಅಪ್‌ಡೇಟ್ ಮಾಡದೆ ಬಿಟ್ಟರೆ ನಡೆಯುತ್ತದಾ? ಕನ್ನಡಕ್ಕೆ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆಯೂ ಬೇಕು.

ಬೇಡ್ತಿ_ಕಣಿವೆ:

ಹಾಳಾಗುವುದೇನು ಎನ್ನುವುದು ಕರೆಂಟು ಯಾವ ಹಂತದಲ್ಲಿ ಹೋಯಿತು ಎನ್ನುವುದರ ಮೇಲೆ. ಡೌನ್‌ಲೋಡ್ ಆಗುವಾಗ ಹೋದರೆ ತೊಂದರೆ ಇಲ್ಲ. ಪ್ಯಾಕೇಜ್ ಬಿಚ್ಚುವಾಗ ಹೋದರೆ ಕೆಲವು ಲೈಬ್ರರಿ ಫೈಲುಗಳು ಸೊನ್ನೆ ಬೈಟ್ ಆಗಿ ಉಳಿಯುತ್ತವೆ. ಹೆಸರು ಡಿಸ್ಕಿಗೆ ಹೋಗಿರುತ್ತದೆ, ಒಳಗಿನ ಡೇಟಾ ಇನ್ನೂ ರ‍್ಯಾಮ್‌ನಲ್ಲೇ ಇರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಕಡೆಯ ಹಂತ. ಪ್ಯಾಕೇಜುಗಳೆಲ್ಲ ಕೂತ ಮೇಲೆ ಹುಕ್‌ಗಳು (ತಾವಾಗಿ ನಡೆಯುವ ಚಿಕ್ಕ ಕೆಲಸಗಳು) ಓಡುತ್ತವೆ, ಆಗ ಎಂಕೆಇನಿಟ್‌ಸಿಪಿಯೊ ಎಂಬ ಪ್ರೋಗ್ರಾಮು, ಯಂತ್ರ ಏಳಲು ಬೇಕಾದ ಫೈಲಾದ ಹೊಸ ಇನಿಟ್‌ರ‍್ಯಾಮ್‌ಎಫ್‌ಎಸ್ ಬರೆಯುತ್ತದೆ. ಆ ಫೈಲಿರುವ /ಬೂಟ್ ಫೋಲ್ಡರ್ ಫ್ಯಾಟ್32 ಪಾರ್ಟಿಷನ್‌ನಲ್ಲಿದ್ದರೆ ಅದಕ್ಕೆ ಜರ್ನಲ್ (ಅರ್ಧಕ್ಕೆ ನಿಂತ ಬರವಣಿಗೆಯನ್ನು ಸರಿಪಡಿಸುವ ದಾಖಲೆ) ಇಲ್ಲ. ಅರ್ಧ ಬರೆದ ಫೈಲು ಅರ್ಧವೇ, ಯಂತ್ರ ಏಳುವುದಿಲ್ಲ.

ಲ್ಯಾಪ್‌ಟಾಪ್ ಆದ್ದರಿಂದ ನಿಮ್ಮ ಕಥೆ ಅಷ್ಟು ಕಷ್ಟದ್ದಲ್ಲ, ಆದರೆ ಬ್ಯಾಟರಿ ನಿಜ ಹೇಳುತ್ತಿದೆಯೋ ನೋಡಿ. /ಸಿಸ್/ಕ್ಲಾಸ್/ಪವರ್_ಸಪ್ಲೈ/ಬ್ಯಾಟ್0 ಒಳಗೆ ಎನರ್ಜಿ_ಫುಲ್ ಮತ್ತು ಎನರ್ಜಿ_ಫುಲ್_ಡಿಸೈನ್ ಎರಡನ್ನೂ ಹೋಲಿಸಿ. ಮೊದಲನೆಯದು ಎರಡನೆಯದರ ಅರ್ಧಕ್ಕಿಂತ ಕಡಿಮೆ ಇದ್ದರೆ ಶೇಕಡಾ ಲೆಕ್ಕ ನಂಬಬೇಡಿ. ಹಳೇ ಬ್ಯಾಟರಿ 30ರಿಂದ ನೇರ ಸೊನ್ನೆಗೆ ಬೀಳುತ್ತದೆ.

ಡೌನ್‌ಲೋಡ್ ಬೇರೆ, ಇನ್‌ಸ್ಟಾಲ್ ಬೇರೆ ಮಾಡಿಕೊಳ್ಳಿ. ಆರ್ಚ್‌ನಲ್ಲಿ ಪ್ಯಾಕೇಜ್ ಹಾಕುವ ಸಾಧನ ಪ್ಯಾಕ್‌ಮ್ಯಾನ್. ಅದರ ಜೊತೆಗೆ ಪ್ಯಾಕ್‌ಮ್ಯಾನ್-ಕಾಂಟ್ರಿಬ್ ಹಾಕಿದರೆ ಚೆಕ್‌ಅಪ್‌ಡೇಟ್ಸ್ ಸಿಗುತ್ತದೆ. ಅದಕ್ಕೆ -ಡಿ ಕೊಟ್ಟರೆ ಪ್ಯಾಕೇಜುಗಳು ಕ್ಯಾಶೆಗೆ ಮಾತ್ರ ಇಳಿಯುತ್ತವೆ. ಸಿಸ್ಟಮ್ಮಿನ ಅಸಲಿ ಡೇಟಾಬೇಸ್ ಮುಟ್ಟುವುದಿಲ್ಲ, ಅದೇ ಅದರ ಲಾಭ. ನೆಟ್ ಚೆನ್ನಾಗಿದ್ದಾಗ ಇದನ್ನು ಓಡಿಸಿ, ಬ್ಯಾಟರಿ ತುಂಬಿ ಚಾರ್ಜರ್ ಸಿಕ್ಕಿಸಿದ್ದಾಗ ‘ಸಿಸ್ಟಮ್‌ಡಿ-ಇನ್‌ಹಿಬಿಟ್ ಪ್ಯಾಕ್‌ಮ್ಯಾನ್ -ಎಸ್‌ವೈಯು’ ಎಂದು ಪೂರ್ತಿ ಅಪ್‌ಡೇಟ್ ಕೊಡಿ. ಇನ್‌ಹಿಬಿಟ್ ಇಲ್ಲದಿದ್ದರೆ ಅಪ್‌ಡೇಟ್ ನಡುವೆ ಯಂತ್ರ ತಾನಾಗಿ ಸಸ್ಪೆಂಡ್ ಆಗಬಹುದು.

ಪಟ್ಟಿ ಹೊಸದಾಗಿಸಿ ಒಂದೇ ಪ್ಯಾಕೇಜ್ ಹಾಕುವ ಬರೀ ‘-ಎಸ್‌ವೈ ಇಂಥ ಪ್ಯಾಕೇಜ್’ ಎಂದು ಎಂದೂ ಹೊಡೆಯಬೇಡಿ. ಡೆಬಿಯನ್‌ನ ‘ಆಪ್ಟ್ ಅಪ್‌ಡೇಟ್, ಆಮೇಲೆ ಇನ್‌ಸ್ಟಾಲ್’ ಅಭ್ಯಾಸ ಇಲ್ಲಿ ವಿಷ. ಹೊಸ ಪ್ಯಾಕೇಜ್ ಹೊಸ ಲೈಬ್ರರಿಯನ್ನು ಎಳೆದು ತರುತ್ತದೆ, ಹಳೆಯದನ್ನು ನಂಬಿದ ಉಳಿದ ಪ್ರೋಗ್ರಾಮುಗಳು ಬೀಳುತ್ತವೆ. ಅರೆಬರೆ ಅಪ್‌ಡೇಟ್‌ಗೆ ಆರ್ಚ್‌ನಲ್ಲಿ ಬೆಂಬಲವೇ ಇಲ್ಲ.

ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇನ್ನೊಂದು ಕಾಟ: ಸಿಗ್ನಲ್ 10 ಸೆಕೆಂಡ್ ನಿಂತರೆ ‘ಆಪರೇಷನ್ ಟೂ ಸ್ಲೋ’ ಅಂತ ಪ್ಯಾಕ್‌ಮ್ಯಾನ್ ಕೈಬಿಡುತ್ತದೆ. /ಇಟಿಸಿ/ಪ್ಯಾಕ್‌ಮ್ಯಾನ್.ಕಾನ್ಫ್‌ನಲ್ಲಿ ಆಪ್ಷನ್ಸ್ ಭಾಗದ ಕೆಳಗೆ ‘ಡಿಸೇಬಲ್‌ಡೌನ್‌ಲೋಡ್‌ಟೈಮ್‌ಔಟ್’ ಒಂದು ಸಾಲು ಸೇರಿಸಿ.

ಭದ್ರತೆಗೆ ಲಿನಕ್ಸ್ ಕರ್ನಲ್ (ಸಿಸ್ಟಮ್ಮಿನ ತಿರುಳು) ಜೊತೆ ದೀರ್ಘ ಬೆಂಬಲದ ಲಿನಕ್ಸ್-ಎಲ್‌ಟಿಎಸ್ ಕರ್ನಲ್ಲನ್ನೂ ಹಾಕಿಡಿ. ಒಂದು ಕೈಕೊಟ್ಟರೆ ಇನ್ನೊಂದರಿಂದ ಏಳಬಹುದು.

ಕಾಳಿ_ದಡ:

ಬೇಡ್ತಿಯವರು ಹೇಳಿದ್ದೆಲ್ಲ ಸರಿ, ಎಲ್‌ಟಿಎಸ್ ಮಾತಿಗೆ ಮಾತ್ರ ಒಂದು ತಿದ್ದುಪಡಿ. ಎರಡೂ ಕರ್ನಲ್ ಒಂದೇ ಅಪ್‌ಡೇಟ್‌ನಲ್ಲಿ ಬಂದರೆ ಎರಡರ ಇನಿಟ್‌ರ‍್ಯಾಮ್‌ಎಫ್‌ಎಸ್ ಕೂಡ ಒಂದೇ ಹುಕ್‌ನಲ್ಲಿ ಬರೆಯಲ್ಪಡುತ್ತದೆ. ಆಗ ಕರೆಂಟು ಹೋದರೆ ಎರಡೂ ಹೋಗಬಹುದು. ಕರ್ನಲ್‌ನಲ್ಲೇ ದೋಷ ಇದ್ದಾಗ ಎಲ್‌ಟಿಎಸ್ ಕಾಯುತ್ತದೆ; ಕರೆಂಟಿನಿಂದ ಕಾಯುವುದು ಸ್ನ್ಯಾಪ್‌ಶಾಟ್, ಅಂದರೆ ಹಿಂದಿನ ಸ್ಥಿತಿಗೆ ಮರಳಲು ಉಳಿಸಿಟ್ಟ ಪ್ರತಿ.

ರೂಟ್ ಅನ್ನು (ಸಿಸ್ಟಂ ಫೈಲುಗಳಿರುವ ಜಾಗ) ಸ್ನ್ಯಾಪ್‌ಶಾಟ್ ತೆಗೆಯಬಲ್ಲ ಫೈಲ್ ಸಿಸ್ಟಂ ಆದ ಬಿಟಿಆರ್‌ಎಫ್‌ಎಸ್‌ನಲ್ಲಿಡಿ. ರೂಟ್‌ಗೊಂದು, ಹೋಮ್‌ಗೊಂದು, /ವಾರ್/ಲಾಗ್‌ಗೊಂದು, ಪ್ಯಾಕ್‌ಮ್ಯಾನ್ ಕ್ಯಾಶೆಗೊಂದು ಸಬ್‌ವಾಲ್ಯೂಮ್ (ಪ್ರತ್ಯೇಕ ವಿಭಾಗ). ಸ್ನ್ಯಾಪರ್ ಮತ್ತು ಸ್ನ್ಯಾಪ್-ಪ್ಯಾಕ್ ಹಾಕಿದರೆ ಪ್ರತಿ ಅಪ್‌ಡೇಟ್‌ನ ಮೊದಲೂ ನಂತರವೂ ಸ್ನ್ಯಾಪ್‌ಶಾಟ್ ತಾನಾಗಿ ಆಗುತ್ತದೆ. 256 ಜಿಬಿಯಲ್ಲಿ ಹಳೆಯವನ್ನು ಗುಡ್ಡೆ ಹಾಕಬೇಡಿ, ಸ್ನ್ಯಾಪರ್ ಸೆಟ್ಟಿಂಗ್‌ನಲ್ಲಿ ಸಂಖ್ಯೆಗೆ ಮಿತಿ ಹಾಕಿ.

ಎಲ್ಲರೂ ಎಡವುವ ಜಾಗ ಇದು: /ಬೂಟ್ ಫ್ಯಾಟ್‌ನಲ್ಲಿದ್ದರೆ ಅದು ಸ್ನ್ಯಾಪ್‌ಶಾಟ್ ಒಳಗೆ ಬರುವುದಿಲ್ಲ. ರೂಟ್ ಹಿಂದಕ್ಕೆ ಹೋಗುತ್ತದೆ, ಕರ್ನಲ್ ಹೊಸದೇ ಉಳಿಯುತ್ತದೆ. ಮಾಡ್ಯೂಲ್‌ಗಳ ಆವೃತ್ತಿ ಹೊಂದುವುದಿಲ್ಲ, ವೈಫೈ ಕಾಣುವುದಿಲ್ಲ, ಕೊನೆಗೆ ಫ್ಯಾಟ್ ಪಾರ್ಟಿಷನ್ನೇ ಮೌಂಟ್ ಆಗದೆ ಎಮರ್ಜೆನ್ಸಿ ಪ್ರಾಂಪ್ಟ್‌ಗೆ ಬಂದು ನಿಲ್ಲುತ್ತದೆ. ಅದಕ್ಕೆ ಇಎಸ್‌ಪಿಯನ್ನು (ಯಂತ್ರ ಏಳುವಾಗ ಮೊದಲು ಓದುವ ಫ್ಯಾಟ್ ಪಾರ್ಟಿಷನ್) /ಇಎಫ್‌ಐನಲ್ಲಿ ಮೌಂಟ್ ಮಾಡಿ, /ಬೂಟ್ ಅನ್ನು ಬಿಟಿಆರ್‌ಎಫ್‌ಎಸ್ ಒಳಗೇ ಬಿಟ್ಟು, ಸಿಸ್ಟಂ ಎಬ್ಬಿಸುವ ಗ್ರಬ್ ಹಾಕಿ. ಗ್ರಬ್ ಬಿಟಿಆರ್‌ಎಫ್‌ಎಸ್ ಓದಬಲ್ಲದು. ಗ್ರಬ್-ಬಿಟಿಆರ್‌ಎಫ್‌ಎಸ್ ಪ್ಯಾಕೇಜ್ ಇದ್ದರೆ ಸ್ನ್ಯಾಪ್‌ಶಾಟ್‌ಗಳು ಬೂಟ್ ಮೆನುವಿನಲ್ಲೇ ಕಾಣುತ್ತವೆ. ಗ್ರಬ್ ಪ್ಯಾಕೇಜ್ ಹೊಸದಾದಾಗ ಗ್ರಬ್-ಇನ್‌ಸ್ಟಾಲ್ ತಾನಾಗಿ ಓಡುವುದಿಲ್ಲ, ಅದನ್ನು ನೀವೇ ಓಡಿಸಿ ಆಮೇಲೆ ಗ್ರಬ್-ಎಂಕೆಕಾನ್ಫಿಗ್ ಮಾಡಬೇಕು. 2022ರ ಆಗಸ್ಟ್‌ನಲ್ಲಿ ಬಹಳ ಯಂತ್ರಗಳು ಮಲಗಿದ್ದು ಹಳೇ ಗ್ರಬ್, ಹೊಸ ಕಾನ್ಫಿಗ್ ಎನ್ನುವ ಈ ಜೋಡಿಯಿಂದಲೇ.

ಇಷ್ಟಾದ ಮೇಲೂ ಬಿದ್ದರೆ, ಐಎಸ್‌ಒ ಬರೆದ ಪೆನ್‌ಡ್ರೈವ್‌ನಿಂದ ಎದ್ದು, ರೂಟ್ ಸಬ್‌ವಾಲ್ಯೂಮ್ ಅನ್ನು /ಎಂಎನ್‌ಟಿಗೆ, ಉಳಿದ ಸಬ್‌ವಾಲ್ಯೂಮ್‌ಗಳನ್ನೂ ಇಎಸ್‌ಪಿಯನ್ನೂ ಅವುಗಳ ಜಾಗಕ್ಕೆ ಮೌಂಟ್ ಮಾಡಿ, ಆರ್ಚ್-ಕ್ರೂಟ್ ಕೊಟ್ಟು ಆ ಸಿಸ್ಟಂ ಒಳಗೆ ಹೋಗಿ. ನೆಟ್‌ಗೆ ಫೋನಿನ ಯುಎಸ್‌ಬಿ ಟೆದರಿಂಗ್ ಸಾಕು. /ವಾರ್/ಲಿಬ್/ಪ್ಯಾಕ್‌ಮ್ಯಾನ್‌ನಲ್ಲಿ ಡಿಬಿ.ಎಲ್‌ಸಿಕೆ ಎಂಬ ಬೀಗದ ಫೈಲು ಉಳಿದಿದ್ದರೆ ಅಳಿಸಿ. /ವಾರ್/ಲಾಗ್/ಪ್ಯಾಕ್‌ಮ್ಯಾನ್.ಲಾಗ್‌ನ ಕೊನೆಯಲ್ಲಿ ಯಾವ ಪ್ಯಾಕೇಜ್ ತನಕ ಬಂದಿತ್ತು ನೋಡಿ, ಆ ಸರದಿಯ ಎಲ್ಲವನ್ನೂ ಮತ್ತೆ ಹಾಕಿ. ‘ಎಲ್‌ಡಿಕಾನ್ಫಿಗ್: ಫೈಲ್ ಈಸ್ ಎಂಪ್ಟಿ’ ಅಂತ ಸಾಲುಗಟ್ಟಿ ಬಂದರೆ ಅವೇ ಸೊನ್ನೆ ಬೈಟ್ ಫೈಲುಗಳು. ಪ್ರೋಗ್ರಾಮುಗಳಿಗೆಲ್ಲ ಆಧಾರವಾದ ಜಿಲಿಬ್‌ಸಿ ಲೈಬ್ರರಿಯೇ ಖಾಲಿಯಾಗಿದ್ದರೆ ಕ್ರೂಟ್ ಒಳಗೆ ಹೋಗಲಿಕ್ಕೇ ಆಗುವುದಿಲ್ಲ. ಹೊರಗಿನಿಂದಲೇ ‘ಪ್ಯಾಕ್‌ಮ್ಯಾನ್ --ಸಿಸ್‌ರೂಟ್ /ಎಂಎನ್‌ಟಿ’ ಎಂದು ಕೊಟ್ಟು ಹಾಕಬೇಕು.

ಅಪ್ಪೆಮಿಡಿ:

ಭಾರೀ ಉಪಕಾರ ಇಬ್ಬರಿಗೂ. /ಬೂಟ್ ವಿಷಯ ತಲೆಗೇ ಬಂದಿರಲಿಲ್ಲ. ತಿಂಗಳುಗಟ್ಟಲೆ ಬಿಡುವ ಪ್ರಶ್ನೆ ಹಾಗೇ ಉಳಿಯಿತು. ಎಲ್ಲವನ್ನೂ ಸೋರ್ಸ್‌ನಿಂದ ಕಂಪೈಲ್ ಮಾಡಿಕೊಳ್ಳುವ ಜೆಂಟೂ ಬಗ್ಗೆಯೂ ಒಂದು ಮಾತು ಹೇಳಿ.

ಮುರುಗಲು:

ಬಿಡಬಹುದು, ಆದರೆ ಎದ್ದ ದಿನ ಸ್ವಲ್ಪ ಕೆಲಸ ಇರುತ್ತದೆ. ಮೊದಲು ದಿನಾಂಕ ನೋಡಿ: ಸಿಮಾಸ್ ಸೆಲ್ (ಗಡಿಯಾರ ನಡೆಸುವ ಪುಟ್ಟ ಬ್ಯಾಟರಿ) ಹೋದ ಯಂತ್ರದಲ್ಲಿ ಗಡಿಯಾರ ಎಲ್ಲೋ ಇರುತ್ತದೆ, ಆಗ ಪ್ಯಾಕೇಜುಗಳ ಸಹಿ ಪರೀಕ್ಷೆ ಎಲ್ಲ ತಪ್ಪೆಂದು ಬರುತ್ತದೆ. ಆಮೇಲೆ ಆ ಸಹಿಗಳ ಕೀಲಿಗಳಿರುವ ಆರ್ಚ್‌ಲಿನಕ್ಸ್-ಕೀರಿಂಗ್ ಒಂದನ್ನೇ -ಎಸ್‌ವೈ ಕೊಟ್ಟು ಹಾಕಿ, ತಡಮಾಡದೆ -ಎಸ್‌ಯು. ಮೇಲೆ ‘ಎಂದೂ ಬೇಡ’ ಎಂದ -ಎಸ್‌ವೈಗೆ ಇದೊಂದೇ ವಿನಾಯಿತಿ.

ಅದಕ್ಕೂ ಮೊದಲು ಆರ್ಚ್‌ನ ಮುಖಪುಟದ ಸುದ್ದಿಯನ್ನು ನೀವು ಬಿಟ್ಟ ದಿನದಿಂದ ಓದಿ. ಉದಾಹರಣೆಗೆ 2025ರ ಜೂನ್‌ನಲ್ಲಿ ವೈಫೈಯಂಥ ಚಿಪ್‌ಗಳಿಗೆ ಬೇಕಾದ ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜನ್ನು ಕಂಪನಿವಾರು ಒಡೆದರು. ಹಳೆಯದರ ಮೇಲೆ ನೇರ ಅಪ್‌ಡೇಟ್ ಕೊಟ್ಟವರಿಗೆ ಫೈಲ್ ಆಗಲೇ ಇದೆ ಎಂಬ ತಕರಾರು. -ಆರ್‌ಡಿಡಿ ಕೊಟ್ಟು ಹಳೆಯದನ್ನು ತೆಗೆದು, ಕೂಡಲೇ -ಎಸ್‌ವೈಯು ಜೊತೆ ಹೊಸದನ್ನು ಹಾಕಬೇಕಿತ್ತು. ನಡುವೆ ರೀಬೂಟ್ ಮಾಡಿದರೆ ವೈಫೈ ಇಲ್ಲ! ಈ ಒಡೆತ ಮೊಬೈಲ್ ಡೇಟಾದವರಿಗೆ ಲಾಭವೇ, ನಿಮ್ಮ ಯಂತ್ರಕ್ಕೆ ಲಿನಕ್ಸ್-ಫರ್ಮ್‌ವೇರ್-ಇಂಟೆಲ್ ಇಟ್ಟುಕೊಂಡರೆ ಬಹುತೇಕ ಸಾಕು. ಲ್ಯಾನ್ ಚಿಪ್ ರಿಯಲ್‌ಟೆಕ್ ಆಗಿದ್ದರೆ ಅದರದ್ದೂ ಬೇಕು, ಎಲ್‌ಎಸ್‌ಪಿಸಿಐ ಹೊಡೆದು ನೋಡಿ.

ಅಪ್‌ಡೇಟ್ ಮುಗಿದ ಮೇಲೆ ಪ್ಯಾಕ್‌ಡಿಫ್ ಓಡಿಸಿ .ಪ್ಯಾಕ್‌ನ್ಯೂ ಫೈಲುಗಳನ್ನು (ಅಪ್‌ಡೇಟ್ ತಂದ ಹೊಸ ಸೆಟ್ಟಿಂಗ್‌ಗಳು) ಹಳೆಯವಕ್ಕೆ ಬೆರೆಸಿ. ಕ್ಯಾಶೆಗೆ ಪ್ಯಾಕ್‌ಕ್ಯಾಶೆ -ಆರ್ ಕೊಟ್ಟರೆ ಪ್ರತಿ ಪ್ಯಾಕೇಜಿನ ಕೊನೆಯ ಮೂರು ಆವೃತ್ತಿ ಉಳಿಸಿ ಮಿಕ್ಕದ್ದು ತೆಗೆಯುತ್ತದೆ.

ಬಳಕೆದಾರರೇ ಪ್ಯಾಕೇಜ್ ಏರಿಸುವ ಎಯುಆರ್‌ನಿಂದ ತೆಗೆದುಕೊಳ್ಳುವಾಗ ಪಿಕೆಜಿಬಿಲ್ಡ್ (ಕಟ್ಟುವ ವಿಧಾನದ ಫೈಲು) ಓದದೆ ಕಟ್ಟಬೇಡಿ. 2025ರ ಜುಲೈನಲ್ಲಿ ಬ್ರೌಸರ್ ಹೆಸರಿನಲ್ಲೇ ಮೂರು ಪ್ಯಾಕೇಜುಗಳಲ್ಲಿ ದುರುದ್ದೇಶದ ಕೋಡ್ ಸೇರಿಸಿ ಯಾರೋ ಏರಿಸಿದ್ದರು, ಎರಡು ದಿನದಲ್ಲಿ ತೆಗೆದರು. ಸೋರ್ಸ್ ಸಾಲಿನಲ್ಲಿ ಯಾರದ್ದೋ ಖಾಸಗಿ ಗಿಟ್ ಕೊಂಡಿ ಕಂಡರೆ ಅಲ್ಲೇ ನಿಲ್ಲಿ.

ಜೆಂಟೂ ಈ ಯಂತ್ರಕ್ಕೆ, ಈ ಊರಿಗೆ ಬೇಡ ಎನ್ನುವುದೇ ನನ್ನ ಅಭಿಪ್ರಾಯ. ಯೂಸ್ ಫ್ಲ್ಯಾಗ್ (ಪ್ಯಾಕೇಜಿನಲ್ಲಿ ಯಾವ ಸೌಲಭ್ಯ ಇರಬೇಕೆಂಬ ಆಯ್ಕೆ) ಕೊಡುವ ಸ್ವಾತಂತ್ರ್ಯ ಆರ್ಚ್‌ನಲ್ಲಿಲ್ಲ, ನಿಜ. ಆದರೆ ಕಂಪೈಲ್‌ಗೆ ಒಂದು ಜಾಬ್‌ಗೆ 2 ಜಿಬಿ ರ‍್ಯಾಮ್ ಲೆಕ್ಕ, ನಿಮಗೆ -ಜೆ4 (ಒಟ್ಟಿಗೆ ನಾಲ್ಕು ಜಾಬ್) ದಾಟಲಾಗದು. ದೊಡ್ಡ ಬ್ರೌಸರ್ ಕಟ್ಟುವಷ್ಟು ಹೊತ್ತು ಕರೆಂಟು ಇರಬೇಕಲ್ಲ ಮಾರಾಯ್ರೆ. 2023ರ ಡಿಸೆಂಬರ್‌ನಿಂದ ಅವರೂ ಮೊದಲೇ ಕಂಪೈಲ್ ಮಾಡಿದ ಬೈನರಿ ಕೊಡುತ್ತಿದ್ದಾರೆ, ಆದರೆ ಫ್ಲ್ಯಾಗ್ ಬದಲಿಸಿದರೆ ಆ ಬೈನರಿ ಹೊಂದುವುದಿಲ್ಲ. ಬದಲಿಸದಿದ್ದರೆ ಜೆಂಟೂ ಯಾಕೆ?

ಬೇಡ್ತಿ_ಕಣಿವೆ:

ಕನ್ನಡದ್ದು ಉಳಿದಿದೆ. ಅಕ್ಷರಕ್ಕೆ ನೋಟೊ-ಫಾಂಟ್ಸ್, ಟೈಪಿಂಗ್‌ಗೆ ಎಫ್‌ಸಿಐಟಿಎಕ್ಸ್5 ಮತ್ತು ಅದರ ಎಂ17ಎನ್ ಭಾಗ. ಪಟ್ಟಿಯಲ್ಲಿ ಕೆಜಿಪಿ, ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಎಲ್ಲ ಸಿಗುತ್ತದೆ. ಡೆಸ್ಕ್‌ಟಾಪ್ ಕೆಡಿಇ ವೇಲ್ಯಾಂಡ್ ಆದರೆ ಸಿಸ್ಟಂ ಸೆಟ್ಟಿಂಗ್ಸ್‌ನ ವರ್ಚುವಲ್ ಕೀಬೋರ್ಡ್‌ನಲ್ಲಿ ಎಫ್‌ಸಿಐಟಿಎಕ್ಸ್ 5 ಆರಿಸಬೇಕು, ಇಲ್ಲದಿದ್ದರೆ ಕೆಲವು ಕಿಟಕಿಗಳಲ್ಲಿ ಬರುತ್ತದೆ, ಕೆಲವದರಲ್ಲಿ ಇಲ್ಲ.

ಭಾಷೆಗಳ ಪಟ್ಟಿಯಾದ ಲೋಕೇಲ್.ಜೆನ್‌ನಲ್ಲಿ ಕನ್ನಡದ ಸಾಲಿನ ಮುಂದಿನ ಗುರುತು ತೆಗೆದು ಲೋಕೇಲ್-ಜೆನ್ ಓಡಿಸಿ. ಆದರೆ ಇಡೀ ಸಿಸ್ಟಮ್ಮಿನ ಲ್ಯಾಂಗ್ ಇಂಗ್ಲಿಷಿನಲ್ಲೇ ಇರಲಿ: ಡೆಸ್ಕ್‌ಟಾಪ್ ಇಲ್ಲದ ಕಪ್ಪು ಕನ್ಸೋಲ್‌ಗೆ ಕನ್ನಡ ಮೂಡಿಸಲು ಬರುವುದಿಲ್ಲ. ಯಂತ್ರ ಬಿದ್ದು ಕ್ರೂಟ್ ಒಳಗೆ ಕೂತಾಗ ದೋಷದ ಸಂದೇಶವೆಲ್ಲ ಚೌಕ ಚೌಕವಾಗಿ ಕಂಡರೆ ರಿಪೇರಿ ಮಾಡುವುದು ಹೇಗೆ? ಟರ್ಮಿನಲ್ ಕಿಟಕಿಗಳಲ್ಲೂ ಒತ್ತಕ್ಷರ ಹೆಚ್ಚಿನಂಶ ಒಡೆದೇ ಕಾಣುತ್ತದೆ, ಕನ್ನಡ ಫೈಲು ತಿದ್ದಲಿಕ್ಕೆ ಕೇಟ್ ಎಡಿಟರ್ ಬಳಸಿ.