ಒಳಗಿನ ಮಾನಿಟರಿಂಗ್ ಜೊತೆ ಕ್ಲೌಡ್ ಟೂಲ್: ಎರಡನ್ನೂ ಜೋಡಿಸಿದವರ ಅನುಭವ

ಪ್ರಶ್ನೆ

ನಮ್ಮ ಸೈಟ್‌ಗೆ ಅಳತೆಗಳನ್ನು ಕೂಡಿಡುವ ಪ್ರೊಮೀಥಿಯಸ್, ಅವನ್ನು ಗ್ರಾಫ್ ಮಾಡಿ ತೋರಿಸುವ ಗ್ರಾಫಾನಾ ಎರಡೂ ನಮ್ಮದೇ ಸರ್ವರ್‌ಗಳಲ್ಲಿ ಓಡುತ್ತಿವೆ. ಸಿಪಿಯು, ಮೆಮೊರಿ, ಡೇಟಾಬೇಸ್ ಕ್ವೆರಿ ಎಲ್ಲ ಕಾಣುತ್ತದೆ. ಆದರೂ ಬಳಕೆದಾರರು ಸೈಟ್ ನಿಧಾನ ಅಂತ ದೂರು ಕೊಟ್ಟಾಗ ನಮ್ಮ ಡ್ಯಾಶ್‌ಬೋರ್ಡ್ ಪೂರ್ತಿ ಹಸಿರಾಗಿರುತ್ತದೆ. ಹೊರಗಿನಿಂದ ನೋಡುವ ಕ್ಲೌಡ್ ಟೂಲ್ ಒಂದನ್ನು ಸೇರಿಸೋಣ ಅಂತಿದ್ದೇವೆ. ಎರಡನ್ನೂ ಬಳಸುತ್ತಿರುವವರು ಹೇಗೆ ಜೋಡಿಸಿಕೊಂಡಿದ್ದೀರಿ? ಅಲರ್ಟ್‌ಗಳು ಡಬಲ್ ಆಗುವುದಿಲ್ಲವಾ?

ಸರ್ವರ್ ನೋಡಿಕೊಳ್ಳುವವರೊಬ್ಬರು

ಖಂಡಿತ ಸೇರಿಸಿ. ಆದರೆ ಅದಕ್ಕೂ ಮೊದಲು ನಿಮ್ಮ ಗ್ರಾಫ್ ಯಾಕೆ ಹಸಿರಾಗಿರುತ್ತದೆ ಅನ್ನುವುದನ್ನು ನೋಡಿ. ರಿಕ್ವೆಸ್ಟ್ ಸರ್ವರ್‌ಗೆ ಬಂದು ಮುಟ್ಟಿದ ಮೇಲಷ್ಟೇ ನಿಮ್ಮ ಲೆಕ್ಕ ಶುರುವಾಗುತ್ತದೆ. ಅದಕ್ಕೆ ಮುಂಚೆ ಡಿಎನ್‌ಎಸ್ ಹುಡುಕಾಟ (ಸೈಟ್ ಹೆಸರಿನಿಂದ ವಿಳಾಸ ಪತ್ತೆ), ಟಿಸಿಪಿ ಸಂಪರ್ಕ (ಸರ್ವರ್ ಜೊತೆ ಕೊಂಡಿ), ಟಿಎಲ್‌ಎಸ್ ಹ್ಯಾಂಡ್‌ಶೇಕ್ (ಸುರಕ್ಷಿತ ಸಂಪರ್ಕದ ಒಪ್ಪಂದ) ಆಗಿರುತ್ತವೆ. ಉತ್ತರ ಹೊರಟ ಮೇಲೆ ಬ್ರೌಸರ್ ಜಾವಾಸ್ಕ್ರಿಪ್ಟ್ ಓಡಿಸಬೇಕು, ಚಿತ್ರ ತರಬೇಕು, ಬೇರೆಯವರ ಜಾಹೀರಾತು ಸ್ಕ್ರಿಪ್ಟ್‌ಗೂ ಕಾಯಬೇಕು. ಇದ್ಯಾವುದೂ ಒಳಗಿನ ಟೂಲ್‌ಗೆ ಕಾಣುವುದಿಲ್ಲ.

ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ಬಳಸುತ್ತಿದ್ದರೆ ಟೂಲ್ ಕೊಳ್ಳುವ ಮುಂಚೆಯೇ ಒಂದು ಕೆಲಸ ಮಾಡಬಹುದು. ಬಂದ ರಿಕ್ವೆಸ್ಟ್‌ಗಳನ್ನು ಬರೆದಿಡುವ ಆಕ್ಸೆಸ್ ಲಾಗ್‌ನಲ್ಲಿ ರಿಕ್ವೆಸ್ಟ್ ಟೈಮ್, ಅಪ್‌ಸ್ಟ್ರೀಮ್ ರೆಸ್ಪಾನ್ಸ್ ಟೈಮ್ ಎರಡನ್ನೂ ಬರೆಸಿ. ಮೊದಲನೆಯದು ಬಳಕೆದಾರರ ಕಡೆಯಿಂದ ಮೊದಲ ಬೈಟ್ ಬಂದಾಗಿನಿಂದ ಕೊನೆಯ ಬೈಟ್ ಕಳಿಸಿ ಮುಗಿಯುವವರೆಗಿನ ಸಮಯ. ಎರಡನೆಯದು ನಿಮ್ಮ ಅಪ್ಲಿಕೇಶನ್ ತೆಗೆದುಕೊಂಡ ಸಮಯ. ಎರಡನೆಯದು ಚಿಕ್ಕದಿದ್ದು ಮೊದಲನೆಯದು ಜಾಸ್ತಿ ಇದ್ದರೆ ತೊಂದರೆ ನಿಮ್ಮ ಕೋಡ್‌ನಲ್ಲಿಲ್ಲ. ಒಂದೋ ನೆಟ್‌ವರ್ಕ್ ನಿಧಾನ, ಇಲ್ಲವೇ ನೀವು ಕಳಿಸುತ್ತಿರುವ ಪುಟ ತುಂಬಾ ದೊಡ್ಡದು. ಹೊರಗಿನ ಟೂಲ್ ಬಂದ ಮೇಲೆ ಅದರ ಅಂಕಿಗಳನ್ನು ಅರ್ಥ ಮಾಡಿಕೊಳ್ಳಲು ಇವೆರಡು ಬೇಕೇ ಬೇಕು.

ಅಲರ್ಟ್ ಡಬಲ್ ಆಗುವುದು ಇಬ್ಬರಿಗೂ ಕೂಗುವ ಹಕ್ಕು ಕೊಟ್ಟಾಗ. ಬಳಕೆದಾರರಿಗೆ ತೊಂದರೆ ಆಗುತ್ತಿದೆಯಾ ಅಂತ ಹೇಳುವುದು ಹೊರಗಿನ ಟೂಲ್ ಕೆಲಸ, ಯಾಕೆ ಅಂತ ಹೇಳುವುದು ಒಳಗಿನದರ ಕೆಲಸ. ರಾತ್ರಿ ಫೋನ್ ಮಾಡಿ ಎಬ್ಬಿಸುವ ಅಧಿಕಾರ ನಾವು ಮೊದಲನೆಯದಕ್ಕೆ ಕೊಟ್ಟಿದ್ದೇವೆ. ಸಿಪಿಯು ಶೇಕಡಾ 90 ಮುಟ್ಟಿದ್ದರೂ ಪುಟ ಬೇಗ ಬರುತ್ತಿದ್ದರೆ ಅದು ಬೆಳಿಗ್ಗೆ ನೋಡುವ ಟಿಕೆಟ್ ಅಷ್ಟೇ. ಡಿಸ್ಕ್ ಇನ್ನೇನು ತುಂಬಲಿದೆ ಅನ್ನುವಂಥ ಎಚ್ಚರಿಕೆಗಳಿಗೆ ಮಾತ್ರ ವಿನಾಯಿತಿ ಇದೆ. ಅದು ತುಂಬಿದ ಮೇಲೆ ಗೊತ್ತಾಗಿ ಏನು ಪ್ರಯೋಜನ?

ಹೊರಗಿನ ಪರೀಕ್ಷೆ ಒಂದೇ ಊರಿನಿಂದ ಫೇಲ್ ಆದರೆ ಅಲರ್ಟ್ ಕಳಿಸಬೇಡಿ. ಕನಿಷ್ಠ ಎರಡು ಜಾಗದಿಂದ ಫೇಲ್ ಆಗಬೇಕು ಅಂತ ನಿಯಮ ಇಡಿ. ಸುಳ್ಳು ಅಲರ್ಟ್ ಬಹಳ ಕಡಿಮೆಯಾಗುತ್ತದೆ.

ಮತ್ತೊಬ್ಬರು

ಮೇಲಿನ ಮಾತಿಗೆ ಒಂದು ಸೇರಿಕೆ. ಮುಂದೆ ಸಿಡಿಎನ್ (ಪುಟದ ಪ್ರತಿಗಳನ್ನು ಬಳಕೆದಾರರ ಹತ್ತಿರದ ಸರ್ವರ್‌ಗಳಲ್ಲಿ, ಅಂದರೆ ಕ್ಯಾಶ್‌ನಲ್ಲಿ, ಇಡುವ ಜಾಲ) ಇದ್ದರೆ ಹೊರಗಿನ ಟೂಲ್‌ಗೆ ಸಿಗುವುದು ಕ್ಯಾಶ್‌ನಲ್ಲಿರುವ ಪುಟ. ಅದರ ಹಿಂದಿರುವ ನಿಮ್ಮ ಸರ್ವರ್ ಬಿದ್ದಿದ್ದರೂ ಮುಖಪುಟ ಚೆನ್ನಾಗಿದೆ ಅಂತಲೇ ಅದು ಹೇಳುತ್ತದೆ. ಅದಕ್ಕೆ ಕ್ಯಾಶ್ ಆಗದ ಒಂದು ಯುಆರ್‌ಎಲ್ ಕೂಡ ಪರೀಕ್ಷೆಯಲ್ಲಿರಲಿ. ಲಾಗಿನ್ ಅಥವಾ ಹುಡುಕಾಟದ ಪುಟ ಆದರೆ ಒಳ್ಳೆಯದು. ಸ್ಟೇಟಸ್ 200 (ಎಲ್ಲ ಸರಿ ಅನ್ನುವ ಸಂಕೇತ) ಬಂತು ಅಂತ ನಂಬಬೇಡಿ, ಪುಟದಲ್ಲಿ ಇರಲೇಬೇಕಾದ ಒಂದು ಪದವನ್ನೂ ಹುಡುಕಿಸಿ.

ಫ್ರಂಟೆಂಡ್ ಕಡೆಯವರೊಬ್ಬರು

ಕ್ಲೌಡ್ ಟೂಲ್ ಅಂದರೆ ಎರಡು ಬಗೆ. ಪಿಂಗ್‌ಡಮ್, ಅಪ್‌ಟೈಮ್‌ರೋಬೋಟ್ ಥರದವು ಗೊತ್ತುಮಾಡಿದ ಜಾಗಗಳಿಂದ ಆಗಾಗ ಬಂದು ನೋಡುವ ಸಿಂಥೆಟಿಕ್ ಪರೀಕ್ಷೆಗೆ ಹೆಸರಾದವು. ಇನ್ನೊಂದು ಬಗೆ ನಿಜವಾದ ಬಳಕೆದಾರರ ಬ್ರೌಸರ್‌ನಿಂದಲೇ ಅಳತೆ ತರುತ್ತದೆ, ಅದಕ್ಕೆ ರಮ್ (ರಿಯಲ್ ಯೂಸರ್ ಮಾನಿಟರಿಂಗ್) ಅಂತಾರೆ. ಸೈಟ್ ನಿಧಾನ ಅನ್ನುವ ದೂರಿಗೆ ಉತ್ತರ ಸಿಗುವುದು ಎರಡನೆಯದರಲ್ಲಿ. ಡೇಟಾ ಸೆಂಟರ್‌ನಲ್ಲಿ ಕೂತ ರೋಬೋಟ್‌ಗೆ ಒಳ್ಳೆಯ ಇಂಟರ್ನೆಟ್ ಇರುತ್ತದೆ. ಹಳೆಯ ಫೋನ್ ಹಿಡಿದವರ ಪಾಡು ಅದಕ್ಕೆ ಗೊತ್ತಾಗುವುದಿಲ್ಲ, ಅಲ್ವಾ?

ಗುರಿಗೆ ಬಳಕೆದಾರರ ಅನುಭವ ಅಳೆಯುವ ಗೂಗಲ್‌ನ ಕೋರ್ ವೆಬ್ ವೈಟಲ್ಸ್ ಇಟ್ಟುಕೊಳ್ಳಿ. ಎಲ್‌ಸಿಪಿ (ಪುಟದ ದೊಡ್ಡ ಭಾಗ ಕಾಣಲು ಹಿಡಿಯುವ ಸಮಯ) 2.5 ಸೆಕೆಂಡ್ ಒಳಗೆ, ಐಎನ್‌ಪಿ (ಒತ್ತಿದ್ದಕ್ಕೆ ಪುಟ ಸ್ಪಂದಿಸುವ ಸಮಯ) 200 ಮಿಲಿಸೆಕೆಂಡ್ ಒಳಗೆ, ಸಿಎಲ್‌ಎಸ್ (ಪುಟದ ಭಾಗಗಳು ಜರುಗುವ ಪ್ರಮಾಣ) 0.1 ಒಳಗೆ. ಎಫ್‌ಐಡಿ (ಮೊದಲ ಸಲ ಒತ್ತಿದಾಗಿನ ತಡ) ತೋರಿಸುವ ಹಳೆಯ ಡ್ಯಾಶ್‌ಬೋರ್ಡ್ ಇದ್ದರೆ ಬದಲಿಸಿ, 2024ರ ಮಾರ್ಚ್‌ನಲ್ಲಿ ಅದರ ಜಾಗಕ್ಕೆ ಐಎನ್‌ಪಿ ಬಂದಿದೆ. ಈ ಅಂಕಿಗಳನ್ನು 75ನೇ ಪರ್ಸೆಂಟೈಲ್‌ನಲ್ಲಿ (ನೂರರಲ್ಲಿ 75 ಭೇಟಿಗಳು ಈ ಮಿತಿಯೊಳಗಿರಬೇಕು) ನೋಡಬೇಕು, ಸರಾಸರಿಯಲ್ಲಿ ಅಲ್ಲ. ಬೇರೆಬೇರೆ ಸರ್ವರ್‌ಗಳ ಪರ್ಸೆಂಟೈಲ್‌ಗಳನ್ನು ಕೂಡಿಸಿ ಭಾಗಿಸಲೂಬೇಡಿ, ಬರುವ ಅಂಕಿಗೆ ಅರ್ಥವೇ ಇರುವುದಿಲ್ಲ.

ಆನ್‌ಕಾಲ್ (ತುರ್ತು ಕರೆಗೆ ಸಿದ್ಧವಿರುವ ಕೆಲಸ) ಮಾಡುವವರೊಬ್ಬರು

ಎರಡು ಟೂಲ್ ಇಟ್ಟುಕೊಳ್ಳುವುದು ಸುಲಭ, ಒಂದರಲ್ಲಿ ಕಂಡದ್ದನ್ನು ಇನ್ನೊಂದರಲ್ಲಿ ಹುಡುಕುವುದು ಕಷ್ಟ. ಎಲ್ಲದರಲ್ಲೂ ಯುಟಿಸಿ (ಜಾಗತಿಕ ಪ್ರಮಾಣ) ಸಮಯ ಇಡಿ. ಹೊಸ ಆವೃತ್ತಿ ಬಿಟ್ಟ ಗಳಿಗೆ ಎರಡೂ ಕಡೆಯ ಗ್ರಾಫ್‌ನಲ್ಲಿ ಗುರುತಾಗಬೇಕು. ಸಾಧ್ಯವಿದ್ದರೆ ರಿಕ್ವೆಸ್ಟ್‌ನ ದಾರಿ ದಾಖಲಿಸುವ ಓಪನ್‌ಟೆಲಿಮೆಟ್ರಿ ಹಾಕಿ, ಆ ರಿಕ್ವೆಸ್ಟ್‌ನ ಗುರುತು ಹೊತ್ತ ಟ್ರೇಸ್‌ಪೇರೆಂಟ್ ಹೆಡರ್ ಅನ್ನು ಬ್ರೌಸರ್‌ನಿಂದ ಡೇಟಾಬೇಸ್ ಕರೆಯವರೆಗೂ ದಾಟಿಸಿ. ಆಗ ಹೊರಗೆ ನಿಧಾನವಾದ ಅದೇ ರಿಕ್ವೆಸ್ಟ್ ಒಳಗೆ ಎಲ್ಲಿ ಕಾಯಿತು ಅಂತ ನೇರವಾಗಿ ಕಾಣುತ್ತದೆ. ಪ್ರೊಮೀಥಿಯಸ್ ತಾನಾಗಿ 15 ದಿನದ ಡೇಟಾ ಮಾತ್ರ ಇಟ್ಟುಕೊಳ್ಳುತ್ತದೆ, ಹಳೆಯ ತಿಂಗಳ ಜೊತೆ ಹೋಲಿಸಬೇಕಾದರೆ ಈಗಲೇ ಹೆಚ್ಚಿಸಿ.

ಇನ್ನೊಂದು ಮಾತು, ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಕಾಯುವವನು ತಾನು ಕಾಯುವ ಮನೆಯೊಳಗೇ ಸಿಕ್ಕಿಬೀಳಬಾರದು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಗಂಟೆಗಟ್ಟಲೆ ನಿಂತುಹೋದಾಗ, ತೊಂದರೆ ಹುಡುಕಲು ಅವರೇ ಬಳಸುತ್ತಿದ್ದ ಒಳಗಿನ ಟೂಲ್‌ಗಳೂ ಕೆಲಸ ಮಾಡಲಿಲ್ಲ. 2017ರ ಫೆಬ್ರವರಿಯಲ್ಲಿ ಅಮೆಜಾನ್‌ನ ಕ್ಲೌಡ್ ಸಂಗ್ರಹ ಸೇವೆ ಎಸ್3 ಬಿದ್ದಾಗ ಅವರ ಸ್ಟೇಟಸ್ ಪುಟವನ್ನೇ ಸ್ವಲ್ಪ ಹೊತ್ತು ಬದಲಿಸಲಾಗಲಿಲ್ಲ, ಅದೂ ಎಸ್3 ಮೇಲೆಯೇ ನಿಂತಿತ್ತು. ಹಾಗಾಗಿ ನಿಮ್ಮ ಸೈಟ್ ಇರುವ ಕ್ಲೌಡ್‌ನಲ್ಲೇ ಹೊರಗಿನ ಟೂಲೂ ಓಡುತ್ತಿದೆಯಾ ಅಂತ ಕೇಳಿ ತಿಳಿದುಕೊಳ್ಳಿ. ಪ್ರೊಮೀಥಿಯಸ್‌ನಲ್ಲಿ ಸದಾ ಉರಿಯುವ ಒಂದು ಅಲರ್ಟ್ ಇಟ್ಟು ಅದನ್ನು ಹೊರಗಿನ ಸೇವೆಗೆ ಕಳಿಸುತ್ತಿರಿ. ಅದು ಬರುವುದು ನಿಂತ ಕೂಡಲೇ ಹೊರಗಿನವರು ನಿಮಗೆ ಫೋನ್ ಮಾಡಲಿ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ಫೈರ್‌ವಾಲ್ ಒಳಗಿರುವ ಅಡ್ಮಿನ್ ಪುಟಗಳಿಗೆ ಏನು ಮಾಡುವುದು?

ಸರ್ವರ್ ನೋಡಿಕೊಳ್ಳುವವರು

ಡೇಟಾಡಾಗ್, ನ್ಯೂ ರೆಲಿಕ್ ಥರದವುಗಳಲ್ಲಿ ಪ್ರೈವೇಟ್ ಲೊಕೇಶನ್ ಅಂತ ಇದೆ. ಅವರ ಚಿಕ್ಕ ಏಜೆಂಟ್ ನಿಮ್ಮ ನೆಟ್‌ವರ್ಕ್ ಒಳಗೆ ಓಡಿ, ಫಲಿತಾಂಶವನ್ನು ಮಾತ್ರ ಹೊರಗೆ ಕಳಿಸುತ್ತದೆ. ಒಳಬರುವ ಪೋರ್ಟ್ ತೆರೆಯಬೇಕಾಗಿಲ್ಲ. ಖರ್ಚು ಬೇಡ ಅಂದರೆ ಪುಟವನ್ನು ಬಳಕೆದಾರರಂತೆ ಹೊರಗಿನಿಂದ ಕರೆದು ನೋಡುವ ಪ್ರೊಮೀಥಿಯಸ್‌ನ ಬ್ಲ್ಯಾಕ್‌ಬಾಕ್ಸ್ ಎಕ್ಸ್‌ಪೋರ್ಟರ್ ಸಾಕು, ಸರ್ಟಿಫಿಕೇಟ್ ಮುಗಿಯುವ ದಿನವನ್ನೂ ಅದೇ ಹೇಳುತ್ತದೆ. ಯಾವುದೇ ಆಗಲಿ, ಪರೀಕ್ಷೆಗೆ ಬೇರೆ ಖಾತೆ ಮಾಡಿ, ನೋಡುವ ಹಕ್ಕು ಮಾತ್ರ ಕೊಡಿ. ಯುಆರ್‌ಎಲ್‌ನಲ್ಲಿ ಟೋಕನ್ (ಪ್ರವೇಶ ಕೊಡುವ ಗುಟ್ಟಿನ ಸಂಕೇತ), ಇಮೇಲ್ ಇದ್ದರೆ ಡೇಟಾ ಹೊರಗೆ ಹೋಗುವ ಮುಂಚೆಯೇ ಅಳಿಸುವ ವ್ಯವಸ್ಥೆ ಮಾಡಿಕೊಳ್ಳಿ.