‘ಸಮಸ್ಯೆ ಆಧಾರಿತ ಕಲಿಕೆ’: ಇಲ್ಲಿ ‘ಸಮಸ್ಯೆ’ ಸರಿಯಾದ ಪದವೇ?

ಗೆಳೆಯರೇ, ನಮಸ್ಕಾರ.

ನಾನು ಕಲಬುರಗಿಯಲ್ಲಿ ನರ್ಸಿಂಗ್ ಪಾಠ ಹೇಳುತ್ತೇನೆ. ನಮ್ಮ ಮಕ್ಕಳಲ್ಲಿ ಜಾಸ್ತಿ ಜನ ಆಳಂದ, ಜೇವರ್ಗಿ, ಸೇಡಂ ಕಡೆಯವರು, ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿದವರು. ಅವರಿಗಾಗಿ ಪ್ರಾಬ್ಲಮ್ ಬೇಸ್ಡ್ ಲರ್ನಿಂಗ್ ಬಗ್ಗೆ ನಾಲ್ಕು ಪುಟ ಬರೆಯಲು ಕೂತು, ಹೆಸರಿನಲ್ಲೇ ನಿಂತುಬಿಟ್ಟಿದ್ದೇನೆ.

‘ಸಮಸ್ಯೆ ಆಧಾರಿತ ಕಲಿಕೆ’ ಅಂತ ಬರೆಯುವುದು ರೂಢಿ. ಈ ಮಾತು ಕೇಳಿದ ಒಬ್ಬ ತಂದೆ, "ನಮ್ಮ ಹುಡುಗಿಗಿ ಏನ್ ಸಮಸ್ಯೆ ಅದರಿ ಮೇಡಮ್?" ಅಂತ ಗಾಬರಿಯಾದರು. ಅವರದು ತಪ್ಪಲ್ಲ.

ಈ ಪದ್ಧತಿ 1969ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯರ ತರಗತಿಯಲ್ಲಿ ಶುರುವಾಗಿ, ಆಮೇಲೆ ನರ್ಸಿಂಗ್‌ಗೂ ಬಂತು. ಇದರಲ್ಲಿ ಮೊದಲು ಪಾಠ ಇಲ್ಲ. ಎಂಟ್ಹತ್ತು ಮಕ್ಕಳ ಗುಂಪಿನ ಮುಂದೆ ಒಂದು ಚೀಟಿ ಇಡುತ್ತೇನೆ: ಐವತ್ತೈದು ವರ್ಷದ ಹೆಂಗಸು. ತೊಗರಿ ಹೊಲದಲ್ಲಿ ಕೂಳೆ ಚುಚ್ಚಿದ ಗಾಯ ಮೂರು ವಾರವಾದರೂ ಮಾಯ್ದಿಲ್ಲ. ಅಂಗಾಲು ಜೋಮು. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಾಳೆ. ಶುಗರ್ ಅಂತ ಚೀಟಿಯಲ್ಲಿ ಎಲ್ಲೂ ಇರುವುದಿಲ್ಲ. ನಮಗೆ ಏನು ಗೊತ್ತು, ಏನು ಗೊತ್ತಿಲ್ಲ ಅಂತ ಅವರೇ ಬೋರ್ಡಿನ ಮೇಲೆ ಬರೆಯಬೇಕು. ಓದಿಕೊಂಡು ಬಂದು ಮತ್ತೆ ಕೂಡಬೇಕು. ನಾನು ಪ್ರಶ್ನೆ ಕೇಳಬಹುದು, ಪಾಠ ಒಪ್ಪಿಸುವಂತಿಲ್ಲ. ಗಾಯಕ್ಕೆ ಔಷಧಿ ಹೇಳಿ ಮುಗಿಸುವುದಲ್ಲ ಇಲ್ಲಿ ಕೆಲಸ. ಆ ಒಂದು ಗಾಯ ಹಿಡಿದು ನರ, ರಕ್ತದ ಓಟ, ಸಕ್ಕರೆ, ಪಾದದ ಆರೈಕೆ ಎಲ್ಲ ಕಲಿಯಬೇಕು. ಹಾಗಾಗಿ ‘ಸಮಸ್ಯೆ ಪರಿಹಾರ’ ಅನ್ನುವುದು ಬೇರೆಯೇ ಮಾತು. ಅಲ್ಲದೆ ನಮ್ಮ ಕಡೆ ‘ಪರಿಹಾರ’ ಅಂದರೆ ಮೊದಲು ನೆನಪಾಗುವುದು ಬೆಳೆ ಪರಿಹಾರದ ದುಡ್ಡು.

ವಾರ್ಡಿನಲ್ಲಿ ನೋಡಿದ್ದು ಒಂದು ಹೇಳುತ್ತೇನೆ. ಹುಡುಗಿಯೊಬ್ಬಳು ಅಜ್ಜಿಗೆ "ನಿಮ್ಮ ಸಮಸ್ಯೆ ಏನು?" ಅಂತ ಕೇಳಿದಳು. ಅಜ್ಜಿ ಪಿಂಚಣಿ ಬಂದಿಲ್ಲ, ಮಗ ಪುಣೆಗೆ ಹೋದವನು ತಿರುಗಿ ನೋಡಿಲ್ಲ ಅಂತ ಶುರುಮಾಡಿದರು. ಪಕ್ಕದ ಸಿಸ್ಟರ್ ಬಗ್ಗಿ, "ಆಯಿ, ಏನ್ ತ್ರಾಸ ಅದ?" ಅಂದರು. ಅಜ್ಜಿ ಸುಮ್ನೆ ಸೆರಗು ಸರಿಸಿ ಎದೆಯ ಎಡಕ್ಕೆ ಕೈ ಇಟ್ಟರು.

ಅಂದರೆ ಇಲ್ಲಿ ಮೈನೋವಿಗೆ ‘ತ್ರಾಸ’, ಬದುಕಿನ ತೊಡಕಿಗೆ ‘ಸಮಸ್ಯೆ’. ಹಾಗಂತ ‘ತ್ರಾಸ ಆಧಾರಿತ ಕಲಿಕೆ’ ಅನ್ನಲಾಗದು, ಕಷ್ಟಪಟ್ಟು ಓದುವುದು ಅಂತ ಕೇಳಿಸುತ್ತದೆ. ‘ಒಗಟು’ ಚೆಂದ, ಆದರೆ ಒಗಟಿಗೆ ಒಂದೇ ಉತ್ತರ ಅಲ್ವಾ? ‘ಪ್ರಸಂಗ’ದಲ್ಲಿ ಬಿಡಿಸಬೇಕಾದ ಗಂಟೇ ಇಲ್ಲ.

ಯೋಚಿಸುತ್ತಾ ಹೋದರೆ ‘ಸಮಸ್ಯೆ’ಯ ಹಳೆಯ ಅರ್ಥವೇ ಹತ್ತಿರ ಅನಿಸುತ್ತದೆ. ಅವಧಾನದಲ್ಲಿ, ಅಂದರೆ ಸಭೆಯಲ್ಲೇ ಪದ್ಯ ಕಟ್ಟಿ ಹೇಳುವ ಕಲೆಯಲ್ಲಿ, ಪದ್ಯದ ಒಂದು ಸಾಲು ಕೊಡುತ್ತಾರೆ, ಉಳಿದ ಸಾಲುಗಳನ್ನು ಅವಧಾನಿ ತುಂಬಬೇಕು. ಆ ಕೊಟ್ಟ ಸಾಲೇ ಸಮಸ್ಯೆ. ನಮ್ಮ ಚೀಟಿಯೂ ಹಾಗೇ ಅಲ್ವಾ? ಅದಕ್ಕೇ ಸಮಸ್ಯೆಯನ್ನು ಉಳಿಸಿಕೊಂಡು ‘ಆಧಾರಿತ’ ಬಿಟ್ಟು, ‘ಸಮಸ್ಯೆ ಹಿಡಿದು ಕಲಿಕೆ’ ಅಂತ ಬರೆಯೋಣ ಅಂದುಕೊಂಡಿದ್ದೇನೆ.

ನನಗೆ ಎರಡು ಉತ್ತರ ಬೇಕು. ‘ಹಿಡಿದು ಕಲಿಕೆ’ ನಿಮ್ಮ ಕಿವಿಗೆ ಒಪ್ಪುತ್ತದೆಯೇ, ‘ಹಿಡಿದು ಕಲಿಯುವುದು’ ಅನ್ನಲೇಬೇಕೇ? ಬೀದರ್, ಯಾದಗಿರಿ ಕಡೆಯವರು ಇದ್ದರೆ, ನಿಮ್ಮಲ್ಲಿ ರೋಗಿಯನ್ನು ಮೊದಲು ಮಾತಾಡಿಸುವಾಗ ‘ತ್ರಾಸ’ ಅಂತಾರೋ, ‘ತಕಲೀಫ್’ ಅಂತಾರೋ, ಬೇರೆ ಪದ ಇದೆಯೋ?