ಮಿಸ್ ಮಾರ್ಪಲ್ ಹನ್ನೆರಡೂ ಮುಗೀತು, ಮುಂದೆ ಯಾವ ಸೀರೀಸ್? ಅನುಭವ ಇರೋರು ಹೇಳಿ

ಮಂಡ್ಯದ ಸೊಸೆ: ಎಲ್ರಿಗೂ ನಮಸ್ಕಾರ. ಅಗಾಥಾ ಕ್ರಿಸ್ಟಿ ಬರೆದಿರೋ ಮಿಸ್ ಮಾರ್ಪಲ್ ಅನ್ನೋ ಪತ್ತೇದಾರಿ ಅಜ್ಜಿಯ 12 ಕಾದಂಬರಿನೂ ಎರಡೆರಡು ಸಲ ಆಯ್ತು. ನಾನು ಇಂಗ್ಲಿಷಲ್ಲಿ ಓದಿ, ರಾತ್ರಿ ಊಟ ಆದ್ಮೇಲೆ ನಮ್ಮತ್ತೆಗೆ ಕನ್ನಡದಲ್ಲಿ ಕತೆ ಹೇಳ್ತೀನಿ. ಅವ್ರಿಗೆ ಕೊಲೆ ಇರ್ಲಿ ರಕ್ತ ಗಿಕ್ತ ಬೇಡ, ಊರು, ಅಡುಗೆ, ಅಕ್ಕಪಕ್ಕದೋರ ಚಾಡಿ ಇರ್ಬೇಕು. ತಿಂಗ್ಳಿಗೆ 400 ರೂಪಾಯಿ ದಾಟಬಾರ್ದು. ಅಂಥ ಕೋಜಿ (ಬೆಚ್ಚಗೆ ಕೂತು ಓದೋ ಥರದ, ಹಿಂಸೆ ಕಮ್ಮಿ ಇರೋ ಪತ್ತೇದಾರಿ) ಸೀರೀಸ್ ಯಾವ್ದು ಶುರು ಮಾಡ್ಲಿ? ಅತ್ತೆ ಆಗ್ಲೇ "ಮುಂದಿಂದು ತಂದ್ಯೇನವ್ವ" ಅಂತ ಕೇಳ್ತಾವ್ರೆ.

ಕುವೆಂಪುನಗರ ರಿಟೈರ್ಡ್: ಅಗಾಥಾ ರೈಸಿನ್ ಸೀರೀಸ್. ಬೇರೆ ಏನೂ ನೋಡ್ಬೇಡಿ. 1992ರಲ್ಲಿ ಮೊದಲ್ನೇದು ಬಂತು, ಲಂಡನ್‌ನಲ್ಲಿದ್ದ ಹೆಂಗಸು ಇದ್ದ ಕಂಪನಿ ಮಾರಿ ಕಾಟ್ಸ್‌ವೋಲ್ಡ್ಸ್ ಕಡೆ ಒಂದು ಹಳ್ಳಿಗೆ ಬರ್ತಾಳೆ, ಊರೋರ ಮೆಚ್ಚುಗೆ ಗಿಟ್ಸಕ್ಕೆ ಅಂಗಡಿಯಿಂದ ತಂದ ಕೀಶ್‌ನ (ಮೊಟ್ಟೆ ಹಾಕಿ ಬೇಯ್ಸೋ ಖಾರದ ಪೈ) ತಾನೇ ಮಾಡಿದ್ದು ಅಂತ ಸ್ಪರ್ಧೆಗಿಡ್ತಾಳೆ, ತಿಂದ ತೀರ್ಪುಗಾರ ಸತ್ತೋಗ್ತಾನೆ. ಆದ್ರೆ ಸೆಟ್ ಮಾತ್ರ ತಗೋಬೇಡಿ ಮೇಡಂ, ನನ್ ಗತಿ ಕೇಳಿ. ರಿಟೈರ್ ಆದ ತಿಂಗ್ಳೇ ಆನ್‌ಲೈನಲ್ಲಿ 10 ಪುಸ್ತಕದ ಸೆಟ್ 2,340 ಕೊಟ್ಟು ತರಿಸ್ದೆ, ಡೆಲಿವರಿ ಚಾರ್ಜ್ 80 ಬೇರೆ. ಮದ್ವೆ ಗಡಿಬಿಡೀಲಿ 9ನೇ ದಿನ ಬಾಕ್ಸ್ ಬಿಚ್ಚಿದ್ರೆ ಮೂರ್ನೇದು ಎರಡು ಪ್ರತಿ, ನಾಕ್ನೇದೇ ಇಲ್ಲ! ವಾಪಸ್ ಮಾಡಕ್ಕೆ 7 ದಿನ ಅಷ್ಟೇ ಅಂತೆ. 11 ಸಲ ಫೋನ್ ಮಾಡ್ದೆ, ಪ್ರತಿ ಸಲಾನೂ ಹೊಸ ಹುಡುಗಿ, ಪ್ರತಿ ಸಲಾನೂ ಮೊದ್ಲಿಂದ ಹೇಳ್ಬೇಕು. ಕೊನೆಗೆ ನಾಕ್ನೇದು ಬಿಡಿಯಾಗಿ 399 ಕೊಟ್ಟು ತಗೊಂಡೆ. ಒಟ್ಟು 2,819. ಮೂರ್ನೇದು ಒಂದು ಎಕ್ಸ್‌ಟ್ರಾ ಇದೆ, ಬೇಕಾದೋರು ಬಂದು ತಗೊಂಡೋಗಿ, ಬಿಟ್ಟಿ ಅಲ್ಲ, 150.

ಸೀಸನ್ ಪಾಸ್: ಸಾರ್ ಕ್ರಮವಾಗೇ ಓದ್ಬೇಕು ಅಂತ ಯಾರ್ ಹೇಳಿದ್ದು ನಿಮ್ಗೆ, ನಾಕು ಬಿಟ್ಟು ಐದು ಓದಿದ್ರೆ 399 ಉಳೀತಿತ್ತು. ಇರ್ಲಿ. ನಾನು ದಿನಾ ಮಂಡ್ಯ ಬೆಂಗ್ಳೂರು ರೈಲು, ಸೀಟ್ ಸಿಕ್ಕಿದ್ರೆ ಓದೋದು ಇಲ್ಲಾಂದ್ರೆ ನಿಂತ್ಕೊಂಡೇ ಓದೋದು. ರಿಚರ್ಡ್ ಆಸ್ಮನ್ ಬರೆದಿರೋ ಥರ್ಸ್‌ಡೇ ಮರ್ಡರ್ ಕ್ಲಬ್, 2020ದು. ಕೆಂಟ್‌ನಲ್ಲಿ ವಯಸ್ಸಾದೋರಿಗೇ ಅಂತ ಕಟ್ಟಿರೋ ಕಾಲೊನಿ, ನಾಕು ಜನ ಮುದುಕ ಮುದುಕೀರು ಗುರುವಾರ ಗುರುವಾರ ಸೇರಿ ಬಗೆಹರೀದೆ ಬಿದ್ದಿರೋ ಕೇಸ್ ಬಿಡಿಸ್ತಾರೆ, ಅದ್ರಲ್ಲಿ ಜಾಯ್ಸ್ ಅಂತ ಅಜ್ಜಿ ಡೈರಿ ಬರೀತದೆ, ಕೇಕ್ ಮಾಡ್ತದೆ, ಥೇಟ್ ನಮ್ಮ ಸೋದರತ್ತೆ. ಮೊದಲ್ನೇದು ಫುಟ್‌ಪಾತಲ್ಲಿ 120ಕ್ಕೆ ಹೊಡ್ಕೊಂಡೆ ಅಂತ ಖುಷೀಲಿದ್ದೆ, 208ನೇ ಪುಟ ಆದ್ಮೇಲೆ ಸೀದಾ 225! ಎರಡ್ನೇ ದಿನ ಹೋಗಿ ಕೇಳಿದ್ರೆ ಅವ್ನು "ಉಳಿದಿದ್ದೆಲ್ಲ ಐತಲ್ಲ" ಅಂತಾನೆ. ಕಾಪಿ ಹೊಡೆದ ಮಾಲು ಅಂದ್ರೆ ಇದೇ ನೋಡಿ. ಆಮೇಲೆ ಒರಿಜಿನಲ್ಲೇ ತಗೊಂಡೆ, ನಾಕ್ನೇದು ಓದ್ವಾಗ ಮದ್ದೂರ್ ದಾಟೋಷ್ಟ್ರಲ್ಲಿ ಗೊಳೋ ಅಂತ ಅತ್ಬಿಟ್ಟೆ, ಪಕ್ಕದೋರು ವಡೆ ಕೊಟ್ಟು ಸಮಾಧಾನ ಮಾಡಿದ್ರು.

ಪ್ರೆಸ್ ಕೆಲ್ಸದೋನು: ತಿಳೀದೆ ಮಾತಾಡ್ಬೇಡಿ. 209ರಿಂದ 224 ಅಂದ್ರೆ ಕರೆಕ್ಟಾಗಿ 16 ಪುಟ, ಒಂದು ಫಾರಂ, ಅಂದ್ರೆ ಒಂದೇ ದೊಡ್ಡ ಹಾಳೇಲಿ ಅಚ್ಚಾಗಿ ಮಡಚಿದ ಕಟ್ಟು. ಬೈಂಡಿಂಗ್‌ನಲ್ಲಿ ಜೋಡಿಸೋರು ಒಂದು ಫಾರಂ ಎತ್ಕೊಳೋದು ಬಿಟ್ಟವ್ರೆ ಅಷ್ಟೆ, ಒರಿಜಿನಲ್‌ನಲ್ಲೂ ಆಗ್ತದೆ. 22 ವರ್ಷ ಇದೇ ಕೆಲ್ಸ ಮಾಡಿದೀನಿ, ಒಂದ್ಸಲ ಸಂಘದ ಸ್ಮರಣ ಸಂಚಿಕೇಲಿ ಹಿಂಗೇ ಆಗಿ ಅಧ್ಯಕ್ಷರ ಫೋಟೋ ಇದ್ದ ಫಾರಮ್ಮೇ ಹೋಯ್ತು, 500 ಪ್ರತಿ, ದುಡ್ಡು ನನ್ ಸಂಬಳದಲ್ಲಿ ಮುರಿದ್ರು.

ಸೀಸನ್ ಪಾಸ್: ಅಣ್ಣ ಒರಿಜಿನಲ್ಲು ಫುಟ್‌ಪಾತಲ್ಲಿ 120ಕ್ಕೆ ಯಾಕ್ ಬತ್ತದೆ?

ಪ್ರೆಸ್ ಕೆಲ್ಸದೋನು: ಫಾರಂ ಇಲ್ಲ ಅಂತಾನೇ ಬತ್ತದೆ.

ಎರಡ್ನೇದ್ರಲ್ಲಿದೀನಿ: ಥೂ. "ನಾಕ್ನೇದು ಓದ್ವಾಗ ಅತ್ಬಿಟ್ಟೆ" ಅಂದ್ಮೇಲೆ ಇನ್ನೇನು ಉಳೀತು ಸ್ವಾಮಿ? ಆ ನಾಕು ಜನರ ಸುತ್ತ ಇರೋರಲ್ಲಿ ಯಾರೋ ಹೋಗ್ತಾರೆ ಅಂತ ಆಯ್ತು, ಇನ್ಮೇಲೆ ಯಾರಿಗೆ ಕೆಮ್ಮು ಬಂದ್ರೂ ಇವ್ರೇ ಇರ್ಬೇಕು ಅನ್ಸುತ್ತೆ. ಡಿಲೀಟ್ ಮಾಡಿ.

ಸೀಸನ್ ಪಾಸ್: ನಾನು ಯಾರ್ ಹೋದ್ರು ಅಂದ್ನಾ? ಸಂತೋಷಕ್ಕೂ ಅಳ್ತಾರೆ.

ಎರಡ್ನೇದ್ರಲ್ಲಿದೀನಿ: ಗೊಳೋ ಅಂತ ಸಂತೋಷಕ್ಕೆ ಯಾರೂ ಅಳಲ್ಲ.

ಒಂಟಿಕೊಪ್ಪಲ್ ಹಳೇ ಓದುಗ: ಎಲ್ಲಾ ಇಂಗ್ಲಿಷೇ ಆಯ್ತಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರಿ ಓದ್ಕೊಂಡು ಬೆಳೆದೋರು ನಾವು. ಪತ್ತೇದಾರ ಪುರುಷೋತ್ತಮ, ಮಧುಸೂದನ, ಹೆಸ್ರು ಕೇಳಿದ್ರೇ ಮೈ ಜುಂ ಅನ್ನೋದು. ಬಾಡಿಗೆ ಲೈಬ್ರರೀಲಿ ದಿನಕ್ಕೆ 10 ಪೈಸೆ, ಒಂದಿನ ತಡ ಆದ್ರೆ ಡಬಲ್. ಲೆಕ್ಕದ ಪುಸ್ತಕದೊಳಗೆ ಇಟ್ಕೊಂಡು ಓದಿ ನಮ್ಮಪ್ಪನ ಕೈಲಿ ಒದೆ ತಿಂದು, ಎಸೆಸೆಲ್ಸಿ ಗಣಿತ 31 ಬಂದು, ಸಪ್ಲಿಮೆಂಟರಿ ಕಟ್ಟಿದ್ದು, ಒಂದು ವರ್ಷ ಹೋಯ್ತು. ಆದ್ರೂ ಬೇಜಾರಿಲ್ಲ. ನಿಮ್ಮತ್ತೆಗೆ ಅದ್ನೇ ತಂದ್ಕೊಡಿ, ನೀವು ಅನುವಾದ ಮಾಡೋ ಪಾಡೂ ತಪ್ಪುತ್ತೆ.

ಕುವೆಂಪುನಗರ ರಿಟೈರ್ಡ್: ಅದು ಕೋಜಿ ಅಲ್ಲ ಸ್ವಾಮಿ. ಪಿಸ್ತೂಲು, ಕಾರ್ ಚೇಸು.

ಒಂಟಿಕೊಪ್ಪಲ್ ಹಳೇ ಓದುಗ: ಕಂಬಳಿ ಹೊದ್ಕೊಂಡು ಓದಿದ್ರೆ ಎಲ್ಲಾ ಕೋಜಿನೇ. 2,819 ಕೊಟ್ಟು ಕೀಶ್ ಓದೋರಿಗೆ ಹೇಳಿ ಏನ್ ಪ್ರಯೋಜನ.

ಸರಸ್ವತಿಪುರಂ ಅಕ್ಕ: ಜಗಳ ಸಾಕು. ಹರಿಣಿ ನಾಗೇಂದ್ರ ಅವ್ರ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್, 2022. 1921ರ ಬೆಂಗ್ಳೂರು, ಕಾವೇರಿ ಅಂತ ಚಿಕ್ಕ ವಯಸ್ಸಿನ ಹೆಣ್ಮಗಳು, ಲೆಕ್ಕ ಅಂದ್ರೆ ಪ್ರಾಣ, ಗಂಡ ರಾಮು ಡಾಕ್ಟ್ರು. ಬರೆದೋರು ಪರಿಸರ ವಿಜ್ಞಾನಿ, ಮರಗಿಡದ ವಿಷ್ಯ ಬಂದಾಗ ಗೊತ್ತಾಗುತ್ತೆ. ಹಿಂದುಗಡೆ ಅಡುಗೆ ರೆಸಿಪಿ ಬೇರೆ ಇದೆ. ನನ್ ಪ್ರತಿ ಓರಗಿತ್ತಿ ಒಂದ್ ವಾರಕ್ಕೆ ಅಂತ ತಗೊಂಡೋದ್ಲು, ಎಂಟು ತಿಂಗ್ಳಾಯ್ತು, ಕೇಳಿದ್ರೆ "ಇನ್ನೂ ರೆಸಿಪಿ ಬರ್ಕೋತಾ ಇದೀನಿ" ಅಂತಾಳೆ. ಒಂದಿನಾನೂ ಒಂದು ಪಾತ್ರೆ ತುಂಬ್ಸಿ ಕಳ್ಸಿಲ್ಲ. ಕವರ್ ಮೇಲೆ ಎಣ್ಣೆ ಕೈ ಮುದ್ರೆ ಇರೋದು ನಾನೇ ಕಣ್ಣಾರೆ ನೋಡಿದೀನಿ.

ಸೀಸನ್ ಪಾಸ್: ಆನೆ ಸೀರೀಸ್ ಯಾರೂ ಹೇಳ್ಲಿಲ್ವಲ್ಲ? ವಸೀಮ್ ಖಾನ್, 2015. ಮುಂಬೈ ಇನ್‌ಸ್ಪೆಕ್ಟರ್ ಚೋಪ್ರಾ ರಿಟೈರ್ ಆಗೋ ದಿನಾನೇ ಮರಿ ಆನೆ ಮನೆಗೆ ಬರ್ತದೆ, ಅದ್ನ ಕಟ್ಕೊಂಡೇ ಕೇಸ್ ಹಿಡೀತಾನೆ. ಆನೆ ಚಾಕ್ಲೇಟ್ ತಿಂತದೆ, ಸಕ್ಕತ್ ಮಜಾ.

ಅರಮನೆ ಹಿಂದ್ಗಡೆ ಮನೆ: ಫ್ಲ್ಯಾಟಲ್ಲಿ ಆನೆನಾ? ದಸರಾ ಆನೆಗಳು ಪ್ರತಿ ವರ್ಷ ನಮ್ ರೋಡಲ್ಲೇ ತಾಲೀಮಿಗೆ ಹೋಗ್ತವೆ. ಭತ್ತ, ಬೆಲ್ಲ, ಕಾಯಿ ಹುಲ್ಲಲ್ಲಿ ಸುತ್ತಿ ಕುಸುರೆ ಕೊಡ್ತಾರೆ, ಹೊರೆಗಟ್ಲೆ ಸೊಪ್ಪು ಬೇರೆ. ಚಾಕ್ಲೇಟ್ ತಿನ್ನೋ ಆನೆ ಅಂತ ಓದಿ 30 ಪುಟಕ್ಕೇ ಮುಚ್ಚಿಟ್ಟೆ, 350 ರೂಪಾಯಿ ಹಾಳು.

ಸೀಸನ್ ಪಾಸ್: ಕತೆ ಕಣ್ರೀ ಅದು. 750 ಕೆಜಿ ಅಂಬಾರಿ ಹೊರೋ ಆನೆ ಒಂದು ಚಾಕ್ಲೇಟ್ ತಿಂದ್ರೆ ಏನಾಯ್ತದೆ.

ಅರಮನೆ ಹಿಂದ್ಗಡೆ ಮನೆ: ಅಂಬಾರಿ ಹೊರೋದು ಮರಿ ಆನೆ ಅಲ್ಲ. ಮೊದ್ಲು ಅದು ತಿಳ್ಕೊಳಿ.

ಮಂಡ್ಯದ ಸೊಸೆ: ಎಲ್ರಿಗೂ ಥ್ಯಾಂಕ್ಸ್. ನೀವೆಲ್ಲ ಆನೆ ಜಗಳದಲ್ಲಿರೋವಾಗ ನಾನು ಅಲೆಕ್ಸಾಂಡರ್ ಮೆಕಾಲ್ ಸ್ಮಿತ್ ಬರೆದಿರೋ ಬೋಟ್ಸ್‌ವಾನಾ ಪತ್ತೇದಾರಿ ಹೆಂಗಸಿನ ಸೀರೀಸ್ ತಂದೆ, 1998ರದ್ದು ಮೊದಲ್ನೇದು, ಸೆಕೆಂಡ್ ಹ್ಯಾಂಡ್ 180. 20ಕ್ಕಿಂತ ಜಾಸ್ತಿ ಪುಸ್ತಕ ಅವೆ, ಅತ್ತೆಗೆ ಎರಡು ವರ್ಷ ಸಾಕು ಅಂದ್ಕೊಂಡೆ. ನಿನ್ನೆ ರಾತ್ರಿ ಶುರು ಮಾಡಿ, ಆಯಮ್ಮ ಅಪ್ಪ ಬಿಟ್ಟೋದ ದನ ಮಾರಿ ಆಫೀಸ್ ಹಾಕುದ್ಲು ಅಂತ ಹೇಳಿದ್ದಷ್ಟೇ. "ದನ ಮಾರಿದ್ಲಾ? ಜೋಡಿ ಎಷ್ಟಕ್ ಕೊಟ್ಲು? ಕರಾವು ಇದ್ವಾ? ಒಂದಾದ್ರೂ ಉಳಿಸ್ಕಬಾರ್ದಾ?" ಅಂತ ಹತ್ತು ಗಂಟೆ ತಂಕ ಅದೇ ಆಯ್ತು. ಕೇಸ್ ಇನ್ನೂ ಶುರುವಾಗಿಲ್ಲ. ಆ ಕಡೆ ದನದ ರೇಟು ಗೊತ್ತಿರೋರು ಯಾರಾದ್ರೂ ಇದ್ರೆ ರಾತ್ರಿ ಊಟದೊಳಗೆ ಹೇಳಿ.